ಜಯಚಾಮರಾಜ ಒಡೆಯರು ಮತ್ತು ಲಂಡನ್ನಿನ ವಾದ್ಯವೃಂದ



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ನಮ್ಮ ಹಿರಿಯರಿಗೆ ಮೈಸೂರು ಮಹಾರಾಜರೆಂದರೆ ದೂರದ ಹೆಸರಾಗಿರಲಿಲ್ಲ. ಇಂದು ಚಿಕ್ಕಮಗಳೂರು ಎಂದು ಕರೆಯಲ್ಪಡುವ ನಮ್ಮ ಜಿಲ್ಲೆಯು 1947ರವರೆಗೆ ಕಡೂರು ಜಿಲ್ಲೆಯೆಂಬ ಹೆಸರಿನಲ್ಲಿ ಮೈಸೂರು ಸಂಸ್ಥಾನದ ಭಾಗವಾಗಿತ್ತು. ಅಜ್ಜಂಪುರದ ಅಮೃತಮಹಲ್ ತಳಿಯ ದನಗಳು ಅರಸರ ಆಶ್ರಯದಲ್ಲಿ ಬೆಳೆದು ಹೆಸರಾದವು. ತರೀಕೆರೆಯ ರೈತ ಕಟ್ಟಿದ ಕಂದಾಯವೂ ಕಡೂರಿನ ವ್ಯಾಪಾರಿ ತೆತ್ತ ಸುಂಕವೂ ಮೈಸೂರಿನ ಬೊಕ್ಕಸವನ್ನೇ ಸೇರುತ್ತಿದ್ದವು. ಧರ್ಮಸಭೆಯ ಆಡಳಿತದಲ್ಲಿಯೂ ಸಂಬಂಧ ಹಾಗೆಯೇ ಇತ್ತು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ ರೂಪುಗೊಳ್ಳುವ ತನಕ ನಮ್ಮವರು ಮೈಸೂರು ಧರ್ಮಪ್ರಾಂತಕ್ಕೆ ಸೇರಿದವರಾಗಿದ್ದರು.

ಈ ಸೀಮೆಯನ್ನು ಆಳಿದ ಕೊನೆಯ ಅರಸರು ಶ್ರೀ ಜಯಚಾಮರಾಜೇಂದ್ರ ಒಡೆಯರು. ದಸರಾ ಅಂಬಾರಿಯ ಮೇಲೆ ಕುಳಿತ ಅವರ ಚಿತ್ರವನ್ನು ಕಂಡವರು ಬಹಳ ಮಂದಿ. ಅವರು ರಾಜ್ಯಪಾಲರಾಗಿದ್ದುದನ್ನು ಬಲ್ಲವರೂ ಇದ್ದಾರೆ. ಆದರೆ ಪ್ರಪಂಚದ ಶ್ರೇಷ್ಠ ವಾದ್ಯವೃಂದಗಳಲ್ಲಿ ಒಂದಾದ ಲಂಡನ್ನಿನ ಫಿಲ್‌ಹಾರ್ಮೋನಿಯವು ತನ್ನ ಎಳೆಯ ವಯಸ್ಸಿನಲ್ಲಿ ಕಾಲೂರಿ ನಿಲ್ಲುವುದಕ್ಕೆ ಈ ಅರಸರ ಕೈ ಆಸರೆಯಾಗಿತ್ತೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಸಂಗೀತಗಾರನಾಗಬೇಕೆಂದು ಬಯಸಿ, ಕರ್ತವ್ಯಕ್ಕಾಗಿ ಆ ಬಯಕೆಯನ್ನು ಕೈಬಿಟ್ಟು, ಬಿಟ್ಟದ್ದನ್ನು ಅನ್ಯರ ಮೂಲಕ ಸಾರ್ಥಕಪಡಿಸಿಕೊಂಡ ಒಬ್ಬ ಮನುಷ್ಯನ ಬಾಳನ್ನು ಈ ವಾರ ಸ್ಮರಿಸಲು ಇಚ್ಛಿಸುತ್ತೇವೆ.

ವಾದ್ಯವೃಂದವೆಂದರೇನು?

ಮೊದಲು ಸಿಂಫನಿ ವಾದ್ಯವೃಂದವೆಂಬುದರ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲಿ ಹಾಡುವವರು ಒಬ್ಬರು. ಪಿಟೀಲು, ಮೃದಂಗ, ಘಟಗಳು ಅವರನ್ನು ಅನುಸರಿಸಿ ನಡೆಯುತ್ತವೆ. ರಾಗವು ಗಾಯಕರ ಮನೋಧರ್ಮಕ್ಕೆ ತಕ್ಕಂತೆ ಅರಳುತ್ತದೆ. ಪಾಶ್ಚಾತ್ಯ ವಾದ್ಯವೃಂದದ ಕ್ರಮ ಬೇರೆ. ಅಲ್ಲಿ ಎಪ್ಪತ್ತು ಎಂಬತ್ತು ಮಂದಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಮಂದಿ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಪಿಟೀಲು ಮತ್ತು ಅದರ ಜಾತಿಯ ದೊಡ್ಡ ತಂತಿವಾದ್ಯಗಳದು ಒಂದು ಗುಂಪು. ಕೊಳಲಿನ ಜಾತಿಯ ಮರದ ವಾದ್ಯಗಳದು ಇನ್ನೊಂದು. ಕಹಳೆಯ ಜಾತಿಯ ಹಿತ್ತಾಳೆ ವಾದ್ಯಗಳದು ಮೂರನೆಯದು. ನಗಾರಿ, ತಾಳಗಳದು ನಾಲ್ಕನೆಯದು. ಪ್ರತಿಯೊಬ್ಬನ ಮುಂದೆಯೂ ಅವನ ಪಾಲಿನ ಸ್ವರಗಳನ್ನು ಬರೆದ ಹಾಳೆಯಿರುತ್ತದೆ. ಎಲ್ಲರ ಮುಂದೆ ನಿಂತ ನಿರ್ದೇಶಕನು ಯಾವ ವಾದ್ಯವನ್ನೂ ನುಡಿಸದೆ, ಕೈಯ ಸನ್ನೆಯಿಂದಲೇ ಎಲ್ಲರನ್ನೂ ಒಂದುಗೂಡಿಸಿ ನಡೆಸುತ್ತಾನೆ.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದಾಗ ಏಕ ಮತ್ತು ಅನೇಕ ಎಂಬ ಪುರಾತನ ಪ್ರಶ್ನೆಯೊಡನೆ ನಾವು ಬಹಳ ಹೆಣಗಿದ್ದುಂಟು. ಅನೇಕವು ತನ್ನ ಅನೇಕತ್ವವನ್ನು ಕಳೆದುಕೊಳ್ಳದೆ ಒಂದಾಗುವುದು ಹೇಗೆ ಎಂಬುದು ಆ ಪ್ರಶ್ನೆ. ವಾದ್ಯವೃಂದವು ಅದಕ್ಕೊಂದು ಕಣ್ಣಿಗೆ ಕಾಣುವ ದೃಷ್ಟಾಂತ. ಅಲ್ಲಿ ಕೊಳಲು ಕಹಳೆಯಾಗಬೇಕಿಲ್ಲ, ಕಹಳೆ ಪಿಟೀಲಾಗಬೇಕಿಲ್ಲ. ತನ್ನ ಸರದಿ ಬರುವವರೆಗೆ ನೂರು ಮಾತ್ರೆಗಳ ಕಾಲ ಸುಮ್ಮನೆ ಕುಳಿತು ಎಣಿಸುತ್ತಿರುವವನೂ ಸಂಗೀತವನ್ನೇ ನಡೆಸುತ್ತಿರುತ್ತಾನೆ.

ಅರಮನೆಯ ಸಂಗೀತ

ಇಂತಹ ಸಂಗೀತವು ಮೈಸೂರಿಗೆ ಜಯಚಾಮರಾಜರ ಕಾಲದಲ್ಲಿ ಹೊಸದಾಗಿ ಬಂದುದಲ್ಲ. ಅರಮನೆಯಲ್ಲಿ ಕರ್ನಾಟಕ ವಾದ್ಯಗೋಷ್ಠಿಯ ಜೊತೆಗೆ ಇಂಗ್ಲಿಷ್ ಬ್ಯಾಂಡು ಎಂದು ಜನ ಕರೆಯುತ್ತಿದ್ದ ಪಾಶ್ಚಾತ್ಯ ವಾದ್ಯಗಳ ತಂಡವೂ ಹಿಂದಿನಿಂದ ನಡೆದುಬಂದಿತ್ತು. ಜಯಚಾಮರಾಜರ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರು ಇದನ್ನು ಬಹಳ ಅಕ್ಕರೆಯಿಂದ ಬೆಳೆಸಿದರು. ವೀಣೆ, ಪಿಟೀಲು, ಕೊಳಲು, ಮೃದಂಗಗಳಷ್ಟೇ ಅಲ್ಲದೆ ಪಿಯಾನೊ, ಸ್ಯಾಕ್ಸೊಫೋನುಗಳನ್ನೂ ನುಡಿಸಬಲ್ಲ ದೊರೆ ಅವರು. ಅವರ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಆಟೊ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರು ನಡೆಸುತ್ತಿದ್ದರು. ಒಂದು ಕಡೆ ವಾಸುದೇವಾಚಾರ್ಯರಂತಹ ವಾಗ್ಗೇಯಕಾರರು, ಇನ್ನೊಂದು ಕಡೆ ಶ್ಮಿಟ್ ಅವರಂತಹ ನಿರ್ದೇಶಕರು, ಹೀಗೆ ಎರಡು ಪರಂಪರೆಗಳು ಒಂದೇ ಸೂರಿನಡಿ ಬಾಳಿದವು.

ಈ ವಾತಾವರಣದಲ್ಲಿ ನಮ್ಮ ಕಥೋಲಿಕ ಸಮುದಾಯದ ಪಾಲೂ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಅರಸರ ಕಾರ್ಯದರ್ಶಿಗಳಾಗಿದ್ದ ತಂಬೂಚೆಟ್ಟಿಯವರು ನಿಷ್ಠಾವಂತ ಕಥೋಲಿಕರು. ಮೈಸೂರಿನ ಸಂತ ಫಿಲೋಮಿನಾ ದೇವಾಲಯದ ಹಿಂದೆ ಅವರ ಶ್ರದ್ಧೆಯಿತ್ತು. ಆ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದವರು ಸ್ವತಃ ನಾಲ್ವಡಿಯವರು. ಅದೇ ತಂಬೂಚೆಟ್ಟಿ ಮನೆತನದ ಫಿಲೋಮಿನಾ ಎಂಬ ಹೆಣ್ಣುಮಗಳು ಪಿಟೀಲಿನಲ್ಲಿ ಪರಿಣತಿ ಪಡೆದು, ಪ್ಯಾರಿಸ್ ನಗರದವರೆಗೆ ಹೋಗಿ, ಜಗದ್ವಿಖ್ಯಾತ ಪಿಟೀಲುಗಾರರಾದ ಜಾರ್ಜ್ ಎನೆಸ್ಕೊ ಅವರ ಬಳಿ ಶಿಷ್ಯವೃತ್ತಿ ನಡೆಸಿದರು. ಜಯಚಾಮರಾಜರ ಸಹೋದರಿ ವಿಜಯಾದೇವಿಯವರಿಗೆ ಪಿಯಾನೊ ಪಾಠ ಹೇಳಿದವರಲ್ಲಿ ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟಿನ ಧರ್ಮಭಗಿನಿಯೊಬ್ಬರೂ ಇದ್ದರು. ಕಾನ್ವೆಂಟಿನ ಕೊಠಡಿಯಲ್ಲಿ ಮಕ್ಕಳಿಗೆ ಸರಳೆ ಕಲಿಸುವ ಸಿಸ್ಟರಿನ ಕೆಲಸವನ್ನು ಯಾರೂ ಚರಿತ್ರೆಯಲ್ಲಿ ಬರೆಯುವುದಿಲ್ಲ. ಆದರೆ ಅದು ಎಲ್ಲಿಗೆ ತಲಪುತ್ತದೆಂಬುದನ್ನು ಯಾರು ಬಲ್ಲರು?

ಪಿಯಾನೊ ಮತ್ತು ಸಿಂಹಾಸನ

ಜಯಚಾಮರಾಜರು 1919ರ ಜುಲೈ 18ರಂದು ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿಯವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಚಿನ್ನದ ಪದಕಗಳೊಡನೆ ಪದವೀಧರರಾದರು. ಓದಿನಲ್ಲಿ ಎಷ್ಟು ಮುಂದಿದ್ದರೋ ಪಿಯಾನೊ ವಾದನದಲ್ಲಿಯೂ ಅಷ್ಟೇ ಮುಂದಿದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. 1939ರಲ್ಲಿ ಐರೋಪ್ಯ ದೇಶಗಳಲ್ಲಿ ಸಂಚರಿಸಿ ಅಲ್ಲಿಯ ಕಲಾವಿದರ, ವಿದ್ವಾಂಸರ ಪರಿಚಯವನ್ನು ಮಾಡಿಕೊಂಡರು. ಸಾರ್ವಜನಿಕ ಕಛೇರಿಗಳಲ್ಲಿ ನುಡಿಸುವ ಪಿಯಾನೊ ವಾದಕನಾಗಬೇಕೆಂಬುದು ಆ ಯುವಕನ ಆಸೆಯಾಗಿತ್ತು. ದೊಡ್ಡಪ್ಪನವರು ಅರಸರು, ತಂದೆಯವರು ಯುವರಾಜರು. ಸಿಂಹಾಸನದ ಸರದಿ ತನ್ನ ಬಳಿಗೆ ಬರಲು ಇನ್ನೂ ಬಹಳ ವರ್ಷಗಳಿವೆಯೆಂದು ಭಾವಿಸಿದ್ದರೆ ಅದು ತಪ್ಪೆನ್ನಲಾಗದು.

ಆದರೆ 1940ರ ಒಂದೇ ವರ್ಷ ಎಲ್ಲವನ್ನೂ ಬದಲಿಸಿಬಿಟ್ಟಿತು. ಆ ವರ್ಷದ ಮಾರ್ಚ್ 11ರಂದು ತಂದೆಯವರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವ ಮೊದಲೇ, ಆಗಸ್ಟ್ 3ರಂದು, ದೊಡ್ಡಪ್ಪನವರಾದ ನಾಲ್ವಡಿಯವರೂ ನಿಧನರಾದರು. ಸೆಪ್ಟೆಂಬರ್ 8ರಂದು ಇಪ್ಪತ್ತೊಂದು ವರ್ಷದ ಜಯಚಾಮರಾಜರು ಪಟ್ಟವೇರಿದರು. ಹೊರಗೆ ಜಗತ್ತಿನಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಒಳಗೆ ಮನೆಯ ಹಿರಿಯರಿಬ್ಬರೂ ಇಲ್ಲವಾಗಿದ್ದರು. ದಿನಕ್ಕೆ ಎಂಟು ಗಂಟೆ ವಾದ್ಯದ ಮುಂದೆ ಕುಳಿತು ಸಾಧನೆ ಮಾಡುವ ಬದುಕು ಅರಸನಿಗೆ ಸಾಧ್ಯವಿಲ್ಲ. ವೇದಿಕೆಯ ಪಿಯಾನೊ ವಾದಕನಾಗುವ ಆಸೆ ಅಲ್ಲಿಗೆ ನಿಂತಿತು.

ಹೀಗೆ ನಿಂತುಹೋದ ಆಸೆಗಳು ನಮ್ಮ ಕುಟುಂಬಗಳಲ್ಲಿಯೂ ಇರುತ್ತವೆ. ತಂದೆ ತೀರಿಕೊಂಡರೆಂದು ಓದು ಬಿಟ್ಟು ತೋಟಕ್ಕಿಳಿದ ಹಿರಿಯ ಮಗನನ್ನು, ತಮ್ಮ ತಂಗಿಯರಿಗಾಗಿ ತನ್ನ ಆಸೆಯನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಅಕ್ಕನನ್ನು ನಾವೆಲ್ಲರೂ ಕಂಡಿದ್ದೇವೆ. ಅಂತಹವರಲ್ಲಿ ಕೆಲವರು ಜೀವನಪರ್ಯಂತ ಕಹಿಯನ್ನು ಹೊತ್ತು ತಿರುಗುತ್ತಾರೆ. ಕೆಲವರು ತಮಗೆ ದೊರೆಯದ್ದು ಇನ್ನೊಬ್ಬರಿಗಾದರೂ ದೊರೆಯಲೆಂದು ದುಡಿಯುತ್ತಾರೆ. ಜಯಚಾಮರಾಜರು ಎರಡನೆಯ ದಾರಿಯನ್ನು ಹಿಡಿದರು.

ಲಂಡನ್ನಿನಿಂದ ಬಂದ ಅತಿಥಿ

ತಾವು ಹೋಗಲಾಗದ ಕಛೇರಿಗಳನ್ನು ಅರಸರು ಗ್ರಾಮೊಫೋನ್ ಪ್ಲೇಟುಗಳಲ್ಲಿ ಕೇಳತೊಡಗಿದರು. ಅವರ ಸಂಗ್ರಹದಲ್ಲಿ ಸುಮಾರು 20,000 ಪ್ಲೇಟುಗಳಿದ್ದವೆಂದು ಅಂದಾಜು. ಆ ಕಾಲದ ಪ್ಲೇಟಿನ ಒಂದು ಮಗ್ಗುಲಿನಲ್ಲಿ ನಾಲ್ಕು ನಿಮಿಷ ಮಾತ್ರದ ಸಂಗೀತ ಹಿಡಿಸುತ್ತಿತ್ತು. ಮುಕ್ಕಾಲು ಗಂಟೆಯ ಒಂದು ಸಿಂಫನಿಯನ್ನು ಕೇಳಬೇಕಾದರೆ ಹತ್ತು ಹನ್ನೆರಡು ಸಲ ಎದ್ದು ಪ್ಲೇಟು ತಿರುಗಿಸಬೇಕಾಗುತ್ತಿತ್ತು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೊ ಪದವಿಯನ್ನಿತ್ತಿತು.

ಅದೇ 1945ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬವರು ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ಸ್ಥಾಪಿಸಿದರು. ಲೆಗ್ ಅವರು ಸ್ವತಃ ವಾದಕರಲ್ಲ. ಗ್ರಾಮೊಫೋನ್ ಕಂಪನಿಗಾಗಿ ಸಂಗೀತವನ್ನು ಧ್ವನಿಮುದ್ರಿಸುವುದು ಅವರ ಉದ್ಯೋಗ. ಆ ವರ್ಷದ ಅಕ್ಟೋಬರ್ 27ರಂದು ಸರ್ ಥಾಮಸ್ ಬೀಚಮ್ ಅವರ ನಿರ್ದೇಶನದಲ್ಲಿ ಮೊದಲ ಕಛೇರಿ ನಡೆಯಿತು. ಆದರೆ ಯುದ್ಧದಿಂದ ಬಳಲಿದ ಇಂಗ್ಲೆಂಡಿನಲ್ಲಿ ಹಣಕ್ಕೆ ಅಭಾವವಿತ್ತು. ಒಳ್ಳೆಯ ವಾದಕರನ್ನು ಬೇರೆಡೆಗೆ ಹೋಗದಂತೆ ಹಿಡಿದಿಡಬೇಕಾದರೆ ನಿಶ್ಚಿತವಾದ ವರಮಾನ ಬೇಕಿತ್ತು.

ಲೆಗ್ ಅವರು ಮೈಸೂರಿಗೆ ಬಂದು ಕೆಲವು ವಾರ ಅರಸರ ಅತಿಥಿಯಾಗಿದ್ದರು. ಅರಸರಿಗಾಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಧ್ವನಿಮುದ್ರಿಕೆಗಳ ಭಂಡಾರ, ಹಲವು ಬಗೆಯ ಧ್ವನಿವರ್ಧಕಗಳು, ದೊಡ್ಡ ಪಿಯಾನೊಗಳು, ಎಲ್ಲಕ್ಕಿಂತ ಮಿಗಿಲಾಗಿ ಸಂಗೀತವನ್ನು ಒಳಗಿನಿಂದ ಬಲ್ಲ ಒಬ್ಬ ರಸಿಕ, ಇವನ್ನು ಕಂಡು ಲಂಡನ್ನಿನ ಆ ಅತಿಥಿ ಬೆರಗಾದರು. ಅವರಿಬ್ಬರ ಮಾತುಕತೆಯ ಫಲವಾಗಿ, ಫಿಲ್‌ಹಾರ್ಮೋನಿಯವನ್ನು ಭದ್ರಪಡಿಸುವುದಕ್ಕಾಗಿ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳನ್ನು ನೀಡಲು ಅರಸರು ಒಪ್ಪಿದರು. ಅಂದಿನ ವಿನಿಮಯದ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. 1948ರಲ್ಲಿ ಫಿಲ್‌ಹಾರ್ಮೋನಿಯ ಕಛೇರಿ ಸಂಘದ ಮೊದಲ ಅಧ್ಯಕ್ಷರಾಗಿ ಜಯಚಾಮರಾಜರೇ ಆಯ್ಕೆಯಾದರು. ಯಾರೂ ಹೆಚ್ಚಾಗಿ ಕೇಳದಿದ್ದ ಕೃತಿಗಳನ್ನು ಧ್ವನಿಮುದ್ರಿಸಲು ಅವರ ಸಂಗೀತ ಪ್ರತಿಷ್ಠಾನವು ನೆರವಾಯಿತು. ಮುಂದೆ ಜಗದ್ವಿಖ್ಯಾತರಾದ ಹರ್ಬರ್ಟ್ ಫಾನ್ ಕಾರಯಾನ್ ಅವರು 1949ರಲ್ಲಿ ರಷ್ಯದ ಬಾಲಕಿರೆವ್ ಅವರ ಮೊದಲ ಸಿಂಫನಿಯನ್ನು ಇದೇ ವಾದ್ಯವೃಂದದೊಡನೆ ಮುದ್ರಿಸಿದ್ದು ಈ ನೆರವಿನಿಂದಲೇ.

ಮರೆತುಹೋಗುತ್ತಿದ್ದ ಮುದುಕ

ಅರಸರ ಔದಾರ್ಯದಲ್ಲಿ ನಮ್ಮ ಮನಸ್ಸನ್ನು ಅತಿ ಹೆಚ್ಚು ತಟ್ಟುವುದು ನಿಕೊಲಾಯ್ ಮೆಟ್ನರ್ ಅವರ ಪ್ರಸಂಗ. ಮೆಟ್ನರ್ ರಷ್ಯದವರು. ಪಿಯಾನೊ ವಾದಕರು, ಸಂಗೀತ ರಚನಕಾರರು, ಪ್ರಖ್ಯಾತರಾದ ರಹ್ಮಾನಿನಫ್ ಅವರ ಆಪ್ತ ಮಿತ್ರರು. ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡನ್ನು ಬಿಟ್ಟು, ಊರಿಂದೂರಿಗೆ ಅಲೆದು, 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದರು. ಕಾಲದ ರುಚಿ ಬದಲಾಗಿತ್ತು. ಹಳೆಯ ಬಗೆಯಲ್ಲಿ ನಿಷ್ಠೆಯಿಂದ ಬರೆಯುತ್ತಿದ್ದ ಅವರನ್ನು ಕೇಳುವವರು ಕಡಿಮೆಯಾಗಿದ್ದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತುಹೋಯಿತು. ಮೇಲಾಗಿ ಹೃದ್ರೋಗ ಕಾಡಿತು. ಇಷ್ಟರ ನಡುವೆಯೂ ಅವರು ಪಿಯಾನೊ ಮತ್ತು ವಾದ್ಯವೃಂದಕ್ಕಾಗಿ ತಮ್ಮ ಮೂರನೆಯ ಕಾಂಚೆರ್ಟೊ ಎಂಬ ದೊಡ್ಡ ಕೃತಿಯನ್ನು ಮುಗಿಸಿದರು. 1944ರಲ್ಲಿ ಲಂಡನ್ನಿನಲ್ಲಿ ಅದರ ಮೊದಲ ವಾದನವಾಯಿತು.

ಆರು ಸಾವಿರ ಮೈಲಿಗೂ ಮಿಕ್ಕಿದ ಸಮುದ್ರದಾರಿಯ ಈಚೆಗೆ, ಮೈಸೂರಿನಲ್ಲಿದ್ದ ಒಬ್ಬ ತರುಣನಿಗೆ ಈ ವೃದ್ಧರ ಸಂಗೀತವು ಬಹು ಪ್ರಿಯವಾಗಿತ್ತು. ಅವರ ಕೃತಿಗಳು ಅವರ ಕೈಯಿಂದಲೇ ಮುದ್ರಿತವಾಗಿ ಉಳಿಯಬೇಕೆಂದು ಬಯಸಿ ಅರಸರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಅದರ ವೆಚ್ಚವನ್ನು ವಹಿಸಿಕೊಂಡರು. ಕಾಯಿಲೆಯಿಂದ ಕುಗ್ಗಿದ್ದ ಮೆಟ್ನರ್ ಮತ್ತೆ ಪಿಯಾನೊದ ಮುಂದೆ ಕುಳಿತರು. ಫಿಲ್‌ಹಾರ್ಮೋನಿಯದೊಡನೆ ತಮ್ಮ ಮೂರು ಕಾಂಚೆರ್ಟೊಗಳನ್ನೂ, ಹಲವು ಹಾಡುಗಳನ್ನೂ ಬಿಡಿ ರಚನೆಗಳನ್ನೂ ನುಡಿಸಿ ಮುದ್ರಿಸಿದರು. ಕೃತಜ್ಞತೆಯಿಂದ ಮೂರನೆಯ ಕಾಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರ್ 13ರಂದು ಅವರು ಲಂಡನ್ನಿನಲ್ಲಿ ನಿಧನರಾದರು. ಇಂದಿಗೂ ಮೆಟ್ನರ್ ಅವರ ಸಂಗೀತವನ್ನು ಅವರ ಬೆರಳುಗಳಿಂದಲೇ ಕೇಳಬೇಕೆನ್ನುವವರು ಆ ಮುದ್ರಿಕೆಗಳನ್ನು ಆಶ್ರಯಿಸುತ್ತಾರೆ. ಸಕಾಲದಲ್ಲಿ ಒಂದು ಕೈ ಚಾಚದಿದ್ದರೆ ಆ ಧ್ವನಿ ಮಣ್ಣಿನ ಪಾಲಾಗುತ್ತಿತ್ತು.

ಇನ್ನೊಂದು ಪ್ರಸಂಗವೂ ಉಂಟು. ಜರ್ಮನಿಯ ಹಿರಿಯ ರಚನಕಾರ ರಿಚರ್ಡ್ ಸ್ಟ್ರಾಸ್ ಅವರು 1949ರಲ್ಲಿ ತೀರಿಕೊಳ್ಳುವ ಮುನ್ನ ವಾದ್ಯವೃಂದ ಮತ್ತು ಸ್ತ್ರೀ ಕಂಠಕ್ಕಾಗಿ ನಾಲ್ಕು ಗೀತೆಗಳನ್ನು ಬರೆದಿಟ್ಟಿದ್ದರು. ಮರಣದ ಸಮ್ಮುಖದಲ್ಲಿ ನಿಂತ ಮನಸ್ಸಿನ ಪ್ರಶಾಂತವಾದ ಬೀಳ್ಕೊಡುಗೆ ಅವು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರು ಹಾಡಲು, ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಯವು ಅವನ್ನು ಮೊದಲ ಬಾರಿಗೆ ಲೋಕಕ್ಕೆ ಕೇಳಿಸಿತು. ಆ ಕಛೇರಿಗೆ 4,800 ಡಾಲರುಗಳ ಭರವಸೆ ನೀಡಿದವರು ಜಯಚಾಮರಾಜರು. ಆದರೆ ಅವರು ಅಲ್ಲಿರಲಿಲ್ಲ. ಸಭೆಯ ಸಾವಿರಾರು ಮಂದಿ ಅಂದು ಕೇಳಿದ್ದನ್ನು ಕೊಟ್ಟವರು ಮಾತ್ರ, ಹಡಗಿನಲ್ಲಿ ಬಂದ ಮುದ್ರಿಕೆಯಿಂದ ಮೈಸೂರಿನಲ್ಲಿ ಕೇಳಬೇಕಾಯಿತು.

ಒಂದು ಕಠಿಣ ಪ್ರಶ್ನೆ

ಇಲ್ಲಿ ನ್ಯಾಯವಾದ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮರೆಮಾಚುವುದು ಸತ್ಯಕ್ಕೆ ತಕ್ಕುದಲ್ಲ. 1940ರ ದಶಕವು ನಮ್ಮ ಜನರಿಗೆ ಧಾನ್ಯದ ಅಭಾವದ, ಪಡಿತರದ ಕಾಲ. ಕಡೂರಿನ ಬಯಲುಸೀಮೆಯಲ್ಲಿ ಮಳೆ ಕೈಕೊಟ್ಟರೆ ರಾಗಿಯೂ ಇಲ್ಲ. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಸಂಸ್ಥಾನದ ಪ್ರಜೆಗಳು ಬೀದಿಗಿಳಿದು ಚಳವಳಿ ನಡೆಸಿದ್ದರು. ಅರಮನೆಯ ಸಂಪತ್ತು ಯಾವ ಲೆಕ್ಕದಲ್ಲಿ ಬಂದುದಾದರೂ ಅದರ ಮೂಲ ಕೊನೆಗೆ ಈ ನೆಲವೇ. ಹಾಗಿರುವಾಗ ಲಕ್ಷಗಟ್ಟಲೆ ರೂಪಾಯಿ ಲಂಡನ್ನಿನ ವಾದಕರಿಗೆ ಹೋದುದು ಸರಿಯೇ?

ಶುಭಸಂದೇಶದಲ್ಲಿ ಬೆಲೆಬಾಳುವ ಸುಗಂಧ ತೈಲವನ್ನು ಸುರಿದ ಸ್ತ್ರೀಯ ಪ್ರಸಂಗ ನಮಗೆಲ್ಲ ಗೊತ್ತಿದೆ. ಅದನ್ನು ಮಾರಿ ಬಡವರಿಗೆ ಹಂಚಬಾರದಾಗಿತ್ತೇ ಎಂದು ಕೇಳಿದವರೂ ಅಲ್ಲಿದ್ದರು. ಆ ಕೇಳಿಕೆ ಮೇಲ್ನೋಟಕ್ಕೆ ನ್ಯಾಯವಾಗಿಯೇ ಇತ್ತು. ಆದರೂ ಸೌಂದರ್ಯಕ್ಕಾಗಿ, ಪ್ರೀತಿಗಾಗಿ ವೆಚ್ಚವಾದುದೆಲ್ಲ ವ್ಯರ್ಥವೆಂದು ಪ್ರಭು ಹೇಳಲಿಲ್ಲ. ಬಡವರನ್ನು ಮರೆಯಿರೆಂದೂ ಹೇಳಲಿಲ್ಲ. ಎರಡು ಕರ್ತವ್ಯಗಳೂ ಒಟ್ಟಿಗೇ ನಿಲ್ಲುತ್ತವೆ. ಒಂದನ್ನು ನೆರವೇರಿಸಿದವನು ಇನ್ನೊಂದರಿಂದ ಬಿಡುಗಡೆ ಹೊಂದುವುದಿಲ್ಲ.

ಅರಸರನ್ನು ಈ ತಕ್ಕಡಿಯಲ್ಲಿಟ್ಟು ತೂಗಿದರೆ ಎರಡೂ ತಟ್ಟೆಗಳಲ್ಲಿ ತೂಕವಿದೆ. ಅವರು ಪೋಷಿಸಿದ ಸಂಗೀತದ ಬಹುಭಾಗವು ಅವರ ಪ್ರಜೆಗಳ ಕಿವಿಗೆ ಬೀಳಲೇ ಇಲ್ಲ. ಇದು ಕೊರತೆಯೇ ಹೌದು. ಇನ್ನೊಂದು ಕಡೆ, ಅಧಿಕಾರವನ್ನು ಅವರು ಬಿಗಿಹಿಡಿಯಲಿಲ್ಲ. 1947ರ ಆಗಸ್ಟ್‌ನಲ್ಲಿ ಭಾರತದೊಡನೆ ಸೇರ್ಪಡೆಗೆ ಸಹಿ ಹಾಕಿದರು. ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದ ಜನಪ್ರತಿನಿಧಿ ಸರ್ಕಾರಕ್ಕೆ ಆಡಳಿತವನ್ನು ಒಪ್ಪಿಸಿದರು. 1950ರಿಂದ ರಾಜಪ್ರಮುಖರಾಗಿ, 1956ರಿಂದ 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಸಂವಿಧಾನದ ಮಿತಿಯೊಳಗೆ ಸೇವೆ ಸಲ್ಲಿಸಿದರು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದುನಿಲ್ಲುತ್ತಿದ್ದಾಗ ರಾಜಭವನದಲ್ಲಿದ್ದವರು ಅವರೇ. ವೇದ ಪುರಾಣಗಳನ್ನು ಕನ್ನಡಕ್ಕೆ ತಂದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯು ಕನ್ನಡದ ಸಾಮಾನ್ಯ ಓದುಗನಿಗಾಗಿಯೇ ಹೊರಬಂದಿತು.

ಸಂಗೀತದಲ್ಲಿಯೂ ಅವರು ತಮ್ಮ ನೆಲಕ್ಕೆ ಹಿಂದಿರುಗಿದರು. ವೀಣೆ ವೆಂಕಟಗಿರಿಯಪ್ಪನವರಿಂದ ವೀಣೆಯನ್ನು ಕಲಿತು, ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅಪರೂಪದ ರಾಗಗಳು ಹೇರಳವಾಗಿವೆ. ಅವರ ಉಪಾಸನಾ ಮಾರ್ಗ ನಮ್ಮದಲ್ಲ. ಆದರೆ ಅನ್ಯ ಪರಂಪರೆಯ ಸಂಗೀತವನ್ನು ಆಳವಾಗಿ ಪ್ರೀತಿಸಿದುದರಿಂದ ತಮ್ಮ ಪರಂಪರೆಯನ್ನು ಅವರು ಕಳೆದುಕೊಳ್ಳಲಿಲ್ಲ, ಬದಲಾಗಿ ಇನ್ನೂ ಗಾಢವಾಗಿ ಕಂಡುಕೊಂಡರೆಂಬುದು ಎಲ್ಲರೂ ಗಮನಿಸತಕ್ಕ ಸಂಗತಿ.

ಎರಡು ವೃಂದಗಳ ಪಾಡು

ಈಗ ಎರಡು ವಾದ್ಯವೃಂದಗಳ ಮುಂದಿನ ಪಾಡನ್ನು ನೋಡೋಣ. ಮೈಸೂರಿನ ಅರಮನೆಯ ವೃಂದವು ಅರಮನೆಯನ್ನೇ ನಂಬಿ ನಿಂತಿತ್ತು. ರಾಜ್ಯ ಹೋಯಿತು. 26 ಲಕ್ಷ ರೂಪಾಯಿಗಳ ರಾಜಧನ ಗೊತ್ತಾಯಿತು. 1971ರಲ್ಲಿ ಅದೂ ರದ್ದಾಯಿತು. ಅರಮನೆಯ ಬ್ಯಾಂಡುಗಳ ಪರಂಪರೆ ಪೊಲೀಸ್ ಇಲಾಖೆಯ ಆಶ್ರಯಕ್ಕೆ ಬಂದು, ಈಗಲೂ ದಸರಾ ಕಾಲದಲ್ಲಿ ನಾವದನ್ನು ಕೇಳಬಹುದು. ಆದರೆ ಮೈಸೂರಿನಲ್ಲಿ ಪೂರ್ಣ ಪ್ರಮಾಣದ ಸಿಂಫನಿ ವಾದ್ಯವೃಂದವೊಂದು ಬೇರೂರಿ ಉಳಿಯಲಿಲ್ಲ. ಭಾರತದಲ್ಲಿ ವೃತ್ತಿಪರ ಸಿಂಫನಿ ವಾದ್ಯವೃಂದವೊಂದು ನೆಲೆಗೊಳ್ಳಲು 2006ರವರೆಗೆ ಕಾಯಬೇಕಾಯಿತು. ಅದು ಆದದ್ದು ಮುಂಬಯಿಯಲ್ಲಿ.

ಲಂಡನ್ನಿನ ಫಿಲ್‌ಹಾರ್ಮೋನಿಯಕ್ಕೂ ಕಷ್ಟ ಬಾರದೆ ಇರಲಿಲ್ಲ. 1964ರಲ್ಲಿ ಅದರ ಸ್ಥಾಪಕರಾದ ಲೆಗ್ ಅವರೇ ವೃಂದವನ್ನು ವಿಸರ್ಜಿಸುವುದಾಗಿ ಪ್ರಕಟಿಸಿದರು. ಮೈಸೂರಿನ ನೆರವು ಎಂದೋ ಮುಗಿದಿತ್ತು. ಸ್ಥಾಪಕರೂ ಕೈಬಿಟ್ಟರು. ಆಗ ವಾದಕರೇ ಒಟ್ಟುಗೂಡಿದರು. ವಯೋವೃದ್ಧ ನಿರ್ದೇಶಕ ಆಟೊ ಕ್ಲೆಂಪರರ್ ಅವರ ಬೆಂಬಲದೊಡನೆ, ನ್ಯೂ ಫಿಲ್‌ಹಾರ್ಮೋನಿಯವೆಂಬ ಹೊಸ ಹೆಸರಿನಲ್ಲಿ, ತಮ್ಮ ವೃಂದವನ್ನು ತಾವೇ ನಡೆಸುವ ಹೊಣೆಯನ್ನು ಹೊತ್ತರು. 1977ರಲ್ಲಿ ಹಳೆಯ ಹೆಸರು ಮರಳಿ ದೊರಕಿತು. ಆ ವೃಂದ ಇಂದಿಗೂ ಬಾಳುತ್ತಿದೆ.

ಇಲ್ಲಿ ನಮಗೊಂದು ಪಾಠವಿದೆ. ದಾನಿಯು ಸಂಸ್ಥೆಗೆ ಜೀವ ಕೊಡಬಲ್ಲನು, ಆಯುಸ್ಸನ್ನು ಕೊಡಲಾರನು. ಆಯುಸ್ಸು ಬರುವುದು ಪಡೆದವರು ಅದನ್ನು ತಮ್ಮದೆಂದು ಹೊತ್ತಾಗ. ನಮ್ಮ ಧರ್ಮಕೇಂದ್ರಗಳ ಗಾಯನ ವೃಂದಗಳನ್ನೇ ನೋಡೋಣ. ಯಾರೋ ಉದಾರಿಗಳು ಕೀಬೋರ್ಡು ಕೊಡಿಸುತ್ತಾರೆ. ಒಬ್ಬ ಸಿಸ್ಟರು ಅಥವಾ ಒಬ್ಬ ಅಧ್ಯಾಪಕರು ಮುತುವರ್ಜಿಯಿಂದ ಮಕ್ಕಳಿಗೆ ಕಲಿಸುತ್ತಾರೆ. ಅವರಿಗೆ ವರ್ಗವಾದ ಮರುವರ್ಷವೇ ವಾದ್ಯದ ಮೇಲೆ ಧೂಳು ಕೂರುತ್ತದೆ. ನಾವೂ ಅಂತಹ ಧೂಳನ್ನು ಒರೆಸಿದ್ದೇವೆ, ಅಂತಹ ಧೂಳು ಕೂರಲು ಕಾರಣರೂ ಆಗಿದ್ದೇವೆ. ಕೊಡುವವರನ್ನು ಹುಡುಕುವುದರಲ್ಲಿ ನಾವು ಜಾಣರು. ಕೊಟ್ಟದ್ದನ್ನು ಹೊರುವವರನ್ನು ಬೆಳೆಸುವುದರಲ್ಲಿ ಅಷ್ಟು ಜಾಣರಲ್ಲ.

ಜಯಚಾಮರಾಜ ಒಡೆಯರು 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದು, 1974ರ ಸೆಪ್ಟೆಂಬರ್ 23ರಂದು ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಕಾಲವಾದರು. ಅದೇ 1974ರಲ್ಲಿ ಅವರ ಸಹೋದರಿ ವಿಜಯಾದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿ, ಸಂಗೀತವನ್ನು ಅರಮನೆಯ ಹೊರಗಿನ ಜನರಿಗೆ ತಲಪಿಸುವ ಕಾರ್ಯವನ್ನು ಕೈಗೊಂಡರು. ಕಾನ್ವೆಂಟಿನಲ್ಲಿ ಧರ್ಮಭಗಿನಿಯ ಪಕ್ಕದಲ್ಲಿ ಕುಳಿತು ಕಲಿತ ಪಾಠ ಹೀಗೆ ಒಂದು ಊರಿನ ಸ್ವತ್ತಾಯಿತು.

ಅರಸರು ತಾವು ಬಯಸಿದ ವೇದಿಕೆಯನ್ನು ಎಂದೂ ಏರಲಿಲ್ಲ. ಅವರು ಏರದ ವೇದಿಕೆಯ ಮೇಲೆ ನಿಂತು ನುಡಿಸಿದವರು ನೂರಾರು ಮಂದಿ. ನಮ್ಮ ಮನೆಯಲ್ಲಿಯೂ ಹಾಡಬಲ್ಲ, ನುಡಿಸಬಲ್ಲ ಮಗುವೊಂದು ಇರಬಹುದು. ನಮಗೆ ದೊರೆಯದೆ ಹೋದ ಅವಕಾಶವನ್ನು ಆ ಮಗುವಿಗೆ ಒದಗಿಸೋಣ. ಒದಗಿಸಿದ ಮೇಲೆ ಅದನ್ನು ಹೊರುವ ಹೊಣೆಯನ್ನೂ ಅದಕ್ಕೆ ಕಲಿಸೋಣ.